ಹಳೆ ಟೋಯಿಂಗ್ ಲಾರಿಗೆ ಬದಲಿ ಎಂಜಿನ್: ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

"ನನ್ನದು ಹಳೆ ಟಾಟಾ ಕ್ರೇನ್ ಲಾರಿ. ಎಂಜಿನ್ ಎಳೀತಾ ಇಲ್ಲ. ಕಮಿನ್ಸ್ ಕೂರಿಸಲಾ, ಟರ್ಬೊ ಹಾಕಿಸಲಾ, ಇಲ್ಲ ಇದನ್ನೇ ಬಿಚ್ಚಿ ಕಟ್ಟಿಸಲಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕಮಿನ್ಸ್ ಅಂದರೆ ಬೇರೆ ಕುಟುಂಬದ ಎಂಜಿನ್, ಟರ್ಬೊ ಅಂದರೆ ಎಂಜಿನ್ ಒಳಗೆ ಹೆಚ್ಚು ಗಾಳಿ ತಳ್ಳುವ ಭಾಗ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿ ಎಳೆಯುವವರಲ್ಲಿ ಇವತ್ತಿಗೂ ತುಂಬಾ ಜನರ ಹತ್ತಿರ ಇರುವುದು ಹಳೆ ಟಾಟಾ 1210, 1612, 1613 ಮಾದರಿಯ ಲಾರಿಗಳೇ. ಚಾಸಿ ಗಟ್ಟಿ, ಬಿಡಿಭಾಗ ಸಿಗುತ್ತದೆ, ಕೆಲಸ ಗೊತ್ತಿರುವ ಮೆಕ್ಯಾನಿಕ್ ಪ್ರತಿ ಊರಲ್ಲೂ ಇದ್ದಾರೆ. ಹಾಗಾಗಿ ಈ ಲೇಖನ ಅವರಿಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಟೋಯಿಂಗ್ ಲಾರಿಗೆ ಎಂಜಿನ್ ಆರಿಸುವಾಗ ಹಾರ್ಸ್‌ಪವರ್ ನೋಡುವುದು ಕೊನೆಗೆ. ನಿಮ್ಮ ಗೇರ್‌ಬಾಕ್ಸ್‌ಗೆ ಹೊಂದುತ್ತದಾ, ಕಡಿಮೆ ಆರ್‌ಪಿಎಂನಲ್ಲಿ ಎಳೆಯುತ್ತದಾ, ಆರ್‌ಸಿ ಪುಸ್ತಕಕ್ಕೆ ಏರುತ್ತದಾ, ಈ ಮೂರು ಮೊದಲು.

ಶುರು ಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿಯುವ ತಾರೀಖು, ಸಾಲ ಇದ್ದರೆ ಫೈನಾನ್ಸ್‌ನವರ ಫೋನ್ ನಂಬರ್. ಜೊತೆಗೆ ಎಂಜಿನ್ ಬ್ಲಾಕ್ ಮೇಲಿನ ನಂಬರ್, ಗೇರ್‌ಬಾಕ್ಸ್ ಮೇಲೆ ಮಾಡೆಲ್ ವಿವರ ಇರುವ ತಗಡು ಮತ್ತು ಡೀಸೆಲ್ ಪಂಪಿನ ತಗಡು, ಮೂರರದ್ದೂ ಸ್ಪಷ್ಟವಾದ ಫೋಟೊ. ಗ್ರೀಸು, ಮಣ್ಣು ಒರೆಸಿ ತೆಗೆಯಿರಿ. ಅರ್ಧ ಕಾಣುವ ನಂಬರ್ ಇಟ್ಟುಕೊಂಡು ಬಿಡಿಭಾಗ ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಅರ್ಧ ದಿನ ಸುಮ್ನೆ ಹಾಳು.

1. ಎಂಜಿನ್ ನಿಜವಾಗಿ ಹೋಗಿದೆಯಾ ನೋಡಿ

ಎಳೆತ ಕಡಿಮೆ ಆದ ತಕ್ಷಣ ಎಂಜಿನ್ ಹೋಯಿತು ಅಂದುಕೊಳ್ಳಬೇಡಿ. ಕ್ಲಚ್ ಜಾರುತ್ತಿದ್ದರೂ ಹೀಗೇ ಆಗುತ್ತದೆ. ಏರ್ ಫಿಲ್ಟರ್ ಕಟ್ಟಿದ್ದರೂ, ಡೀಸೆಲ್ ಫಿಲ್ಟರ್‌ನಲ್ಲಿ ನೀರು ಸೇರಿದ್ದರೂ, ಒಂದು ಚಕ್ರದ ಬ್ರೇಕ್ ಬಿಡದೆ ಹಿಡಿದಿದ್ದರೂ ಗಾಡಿ ಎಳೆಯುವುದಿಲ್ಲ.

ಹೊಗೆ ನೋಡಿ. ಕಪ್ಪು ಹೊಗೆ ಅಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಜಾಸ್ತಿ ಬೀಳುತ್ತಿದೆ. ಪಂಪು, ನಾಜಲ್, ಏರ್ ಫಿಲ್ಟರ್ ಕಡೆ ಹೋಗಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸುಡದೆ ಹೊರಬರುತ್ತಿದೆ, ಅಥವಾ ಹೆಡ್ ಗ್ಯಾಸ್ಕೆಟ್ ಮೂಲಕ ನೀರು ಒಳಗೆ ಹೋಗುತ್ತಿದೆ.

ಆಮೇಲೆ ಬ್ರೀದರ್ ಪೈಪ್ ನೋಡಿ. ಎಂಜಿನ್ ಒಳಗಿನ ಆವಿ ಹೊರಗೆ ಹೋಗುವ ಪೈಪ್ ಅದು. ಎಂಜಿನ್ ಬಿಸಿ ಇದ್ದಾಗ, ಆಕ್ಸಿಲರೇಟರ್ ಒತ್ತದೆ, ಅಂಗೈ ಹತ್ತಿರ ಹಿಡಿಯಿರಿ. ಮೆಲ್ಲಗೆ ಆವಿ ಬಂದರೆ ಸರಿ. ಬುಸುಬುಸು ಅಂತ ತಳ್ಳುತ್ತಿದ್ದರೆ, ಕೈಗೆ ಆಯಿಲ್ ಹನಿ ಸಿಡಿದರೆ, ಪಿಸ್ಟನ್ ಸುತ್ತಲಿನ ರಿಂಗ್ ಮತ್ತು ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಲೈನರ್, ಸವೆದಿವೆ. ಇದರ ಜೊತೆ ಬಿಸಿಯಲ್ಲಿ ಆಯಿಲ್ ಪ್ರೆಶರ್ ಮುಳ್ಳು ಕೆಳಗೆ ಮಲಗಿದರೆ ಬೇರಿಂಗೂ ಹೋಗಿವೆ. ಆಗ ಎಂಜಿನ್ ಬಿಚ್ಚಲೇಬೇಕು.

2. ಎಷ್ಟು ಎಳೆಯಬೇಕು ಅನ್ನುವ ಲೆಕ್ಕ ಹಾಕಿ

ತುಂಬಾ ಜನ ಇಲ್ಲೇ ಎಡವುವುದು. ಹಾರ್ಸ್‌ಪವರ್ ಜಾಸ್ತಿ ಇದ್ದರೆ ಎಳೆತ ಜಾಸ್ತಿ ಅಂತ ನಂಬಿಬಿಡುತ್ತಾರೆ. ಸ್ವಲ್ಪ ತಾಳ್ಮೆಯಿಂದ ಈ ಲೆಕ್ಕ ನೋಡಿ.

ಟಾರ್ಕ್ ಅಂದರೆ ಎಂಜಿನ್ ಶಾಫ್ಟನ್ನು ತಿರುಚುವ ಬಲ. ಹಾರ್ಸ್‌ಪವರ್ ಅಂದರೆ ಆ ಬಲ ಎಷ್ಟು ಬೇಗ ಕೆಲಸ ಮಾಡುತ್ತದೆ ಅನ್ನುವುದು. ಕಿಲೋಗ್ರಾಂ-ಮೀಟರ್‌ನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 716ರಿಂದ ಭಾಗಿಸಿದರೆ ಹಾರ್ಸ್‌ಪವರ್ ಸಿಗುತ್ತದೆ. 40 ಕೆ.ಜಿ.ಮೀ. ಟಾರ್ಕ್ ಇರುವ ಎಂಜಿನ್ 1,500 ಆರ್‌ಪಿಎಂನಲ್ಲಿ ಕೊಡುವುದು ಸುಮಾರು 84 ಹಾರ್ಸ್‌ಪವರ್. ತಗಡಿನ ಮೇಲೆ 130 ಅಂತ ಬರೆದಿದ್ದರೂ ಅದು ಸಿಗುವುದು ಮೇಲಿನ ಆರ್‌ಪಿಎಂನಲ್ಲಿ.

ಈಗ ನಿಮ್ಮ ಲಾರಿ 10 ಟನ್, ಹಿಂದೆ ಎಳೆಯುವ ಲಾರಿ ಲೋಡ್ ಸೇರಿ 16 ಟನ್ ಅಂತ ಇಟ್ಟುಕೊಳ್ಳಿ. ಒಟ್ಟು 26 ಟನ್. ರಸ್ತೆ 20 ಮೀಟರಿಗೆ ಒಂದು ಮೀಟರ್ ಏರುತ್ತಿದೆ. ಏರಿಗೆ ಬೇಕಾದ ಬಲ 1,300 ಕೆ.ಜಿ. ಚಕ್ರ ಉರುಳುವುದಕ್ಕೆ ಇನ್ನೊಂದು 260. ಒಟ್ಟು ಸುಮಾರು 1,560 ಕೆ.ಜಿ. ಗೇರು, ಹೌಸಿಂಗ್‌ನಲ್ಲಿ (ಹಿಂದಿನ ಆಕ್ಸಲ್‌ನಲ್ಲಿ) ಹೋಗುವ ನಷ್ಟ ಸೇರಿಸಿದರೆ ಗಂಟೆಗೆ 10 ಕಿ.ಮೀ. ವೇಗಕ್ಕೆ ಎಂಜಿನ್‌ನಿಂದ ಸುಮಾರು 68 ಹಾರ್ಸ್‌ಪವರ್ ಸಾಕು. ಅದೇ ಏರನ್ನು 20 ಕಿ.ಮೀ.ಯಲ್ಲಿ ಹತ್ತಬೇಕಾದರೆ 136 ಬೇಕು.

ಅಂದರೆ ಹಾರ್ಸ್‌ಪವರ್ ದುಪ್ಪಟ್ಟು ಮಾಡಿದರೆ ಸಿಗುವುದು ವೇಗ. ಆದರೆ ಕೆಟ್ಟ ವಾಹನ ಎಳೆಯುವಾಗ ಗಂಟೆಗೆ 25 ಕಿ.ಮೀ. ದಾಟುವ ಹಾಗಿಲ್ಲ ಅಂತ ಚಾಲನಾ ನಿಯಮವೇ ಇದೆ. ಶಿರಾಡಿ ಘಾಟಿಯ ತಿರುವಿನಲ್ಲಿ 16 ಟನ್ ಹಿಂದೆ ಕಟ್ಟಿಕೊಂಡು ಯಾರೂ ಅಷ್ಟು ವೇಗ ಹೋಗುವುದೂ ಇಲ್ಲ, ಹೋಗಲೂ ಬಾರದು. ನಿಮಗೆ ಬೇಕಾದ್ದು 1,300ರಿಂದ 1,700 ಆರ್‌ಪಿಎಂ ನಡುವೆ ಉಸಿರು ಕಟ್ಟದೆ ಎಳೆಯುವ ಎಂಜಿನ್. ಮಾರುವವರು "130 ಹಾರ್ಸ್‌ಪವರ್" ಅಂದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಟಾರ್ಕ್ ಎಷ್ಟು, ಯಾವ ಆರ್‌ಪಿಎಂನಲ್ಲಿ?

3. ನಿಮ್ಮ ಎಂಜಿನ್ ಯಾವ ಕುಟುಂಬದ್ದು ತಿಳಿಯಿರಿ

ಹಳೆ ಟಾಟಾ ಲಾರಿಗಳ ಹೆಸರೇ ಅರ್ಧ ಮಾಹಿತಿ ಕೊಡುತ್ತದೆ. ಮೊದಲ ಅಂಕಿಗಳು ಲೋಡ್ ಸೇರಿ ಒಟ್ಟು ತೂಕ, ಟನ್‌ನಲ್ಲಿ. ಕೊನೆಯ ಎರಡು ಅಂಕಿ ಹಾರ್ಸ್‌ಪವರ್, ಹತ್ತರಲ್ಲಿ. 1210 ಅಂದರೆ ಸುಮಾರು 12 ಟನ್, 100 ಹಾರ್ಸ್‌ಪವರ್. 1613 ಅಂದರೆ 16 ಟನ್, 130. ಚಿಕ್ಕ ಕಾರು ಎಳೆಯುವ 407 ಕೂಡ ಹಾಗೇ, 4 ಟನ್, 70.

ಎಂಜಿನ್ ಹೆಸರಿಗೂ ಲೆಕ್ಕ ಇದೆ. 692 ಅಂದರೆ 6 ಸಿಲಿಂಡರ್, 92 ಮಿ.ಮೀ. ಬೋರು, ಅಂದರೆ ಸಿಲಿಂಡರಿನ ಒಳ ಅಗಲ. 697 ಅಂದರೆ 6 ಸಿಲಿಂಡರ್, 97 ಮಿ.ಮೀ. ಬೋರು. ಮೊದಲನೆಯದು ಸುಮಾರು 4.8 ಲೀಟರ್, ಎರಡನೆಯದು 5.7 ಲೀಟರ್. ಎರಡರ ಮೂಲವೂ ಮರ್ಸಿಡಿಸ್-ಬೆಂಜ್ ವಿನ್ಯಾಸ. 1954ರಲ್ಲಿ ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಆ ಕಂಪನಿ ಜೊತೆ ಸೇರಿ ಲಾರಿ ಕಟ್ಟಲು ಶುರು ಮಾಡಿದ ಕಾಲದಿಂದ ಬಂದ ವಂಶ ಅದು. 697 ಹೆಸರಿನ ಕೊನೆಯಲ್ಲಿ ಟಿಸಿ ಅಂತ ಇದ್ದರೆ ಟರ್ಬೊ ಇದೆ ಅಂತ ಅರ್ಥ.

ಕಮಿನ್ಸ್ ಬೇರೆ ಕುಟುಂಬ. 1993ರಲ್ಲಿ ಹುಟ್ಟಿದ ಟಾಟಾ ಕಮಿನ್ಸ್ ಜಮ್ಶೆಡ್‌ಪುರದಲ್ಲಿ ಕಟ್ಟಿದ 5.9 ಲೀಟರ್‌ನ ಬಿ ಸರಣಿ ಎಂಜಿನ್ ಅದು. ಕೆಳಗಿನ ಆರ್‌ಪಿಎಂನಲ್ಲಿ ಚೆನ್ನಾಗಿ ಎಳೆಯುತ್ತದೆ. ಆದರೆ ಅದರ ಬ್ಲಾಕ್‌ಗೆ ಕಂಪನಿಯಿಂದ ಲೈನರ್ ಬರುವುದಿಲ್ಲ. ಬೋರು ನೇರವಾಗಿ ಬ್ಲಾಕ್‌ನಲ್ಲೇ ಕೊರೆದಿರುತ್ತದೆ. ಸವೆದರೆ ಲೇತ್‌ನಲ್ಲಿ ಬೋರು ದೊಡ್ಡದು ಮಾಡಿಸಬೇಕು, ಇಲ್ಲವೇ ಸ್ಲೀವ್ ಹೊಡೆಸಬೇಕು. ನಿಮ್ಮ ಊರಿನ ಲೇತ್‌ನವರು ಅದನ್ನು ನೆಟ್ಟಗೆ ಮಾಡುತ್ತಾರಾ ಅಂತ ಮೊದಲೇ ವಿಚಾರಿಸಿ.

4. ಇರುವ ದಾರಿಗಳಲ್ಲಿ ಒಂದನ್ನು ಆರಿಸಿ

ಮೊದಲ ದಾರಿ, ಇರುವ ಎಂಜಿನನ್ನೇ ಬಿಚ್ಚಿ ಕಟ್ಟಿಸುವುದು. ಬ್ಲಾಕ್ ಬಿರುಕು ಬಿಟ್ಟಿಲ್ಲ, ಕ್ರಾಂಕ್‌ನಲ್ಲಿ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್‌ನಲ್ಲಿ) ಮತ್ತೆ ಉಜ್ಜಿಸುವಷ್ಟು ಅಳತೆ ಇನ್ನೂ ಉಳಿದಿದೆ ಅಂದರೆ ನಾನು ಹೇಳುವುದು ಇದನ್ನೇ. ಎಂಜಿನ್ ನಂಬರ್ ಬದಲಾಗುವುದಿಲ್ಲ, ಆರ್‌ಟಿಒ ಅಲೆದಾಟ ಇಲ್ಲ, ಎಲ್ಲಾ ಬೋಲ್ಟೂ ಇದ್ದ ಜಾಗಕ್ಕೇ ಕೂರುತ್ತದೆ. ಇದರಲ್ಲಿ "ಹಾಫ್ ಎಂಜಿನ್" ಅಂದರೆ ಕ್ರಾಂಕ್ ಹೊರಗೆ ತೆಗೆಯದೆ ಪಿಸ್ಟನ್, ರಿಂಗ್, ಲೈನರ್, ಹೆಡ್ ಕೆಲಸ. "ಫುಲ್ ಎಂಜಿನ್" ಅಂದರೆ ಕ್ರಾಂಕ್ ಸಮೇತ ಎಲ್ಲ. ಟೋಯಿಂಗ್ ಲಾರಿಗೆ ಹಾಫ್ ಎಂಜಿನ್ ಮಾಡಿಸಿ ಉಳಿಸಲು ಹೋಗಬೇಡಿ. ಮೇಲೆ ಹೊಸ ಪಿಸ್ಟನ್, ಕೆಳಗೆ ಸವೆದ ಬೇರಿಂಗ್, ಹಿಂದೆ 16 ಟನ್. ಹೊಸ ಕಂಪ್ರೆಶನ್‌ನ ಪೆಟ್ಟು ಪೂರ್ತಿ ಆ ಹಳೆ ಬೇರಿಂಗ್ ಮೇಲೆ ಬೀಳುತ್ತದೆ.

ಎರಡನೆಯದು, ಕಂಪನಿಯೇ ರಿಪೇರಿ ಮಾಡಿ ಕೊಡುವ ರೀಕಂಡೀಶನ್ ಎಂಜಿನ್. ಟಾಟಾದವರು ಇದನ್ನು ಪ್ರೊಲೈಫ್ ಅನ್ನುವ ಹೆಸರಲ್ಲಿ ಕೊಡುತ್ತಾರೆ. ಹಳೆ ಎಂಜಿನ್ ಕೊಟ್ಟು ಕಟ್ಟಿದ ಎಂಜಿನ್ ತಗೊಳ್ಳುವ ವ್ಯವಸ್ಥೆ. ಗಾಡಿ ನಿಲ್ಲುವ ದಿನ ಕಡಿಮೆ, ವಾರಂಟಿ ಕಾಗದ ಸಿಗುತ್ತದೆ. ನಿಮ್ಮ ಮಾಡೆಲ್‌ಗೆ ಇದೆಯಾ ಅಂತ ಡೀಲರ್ ಹತ್ತಿರ ವಿಚಾರಿಸಿ. ಕೊಡುವ ಹಳೆ ಎಂಜಿನ್‌ನ ಬ್ಲಾಕ್ ಒಡೆದಿದ್ದರೆ ಬೆಲೆ ಹೇಗೆ ಬದಲಾಗುತ್ತದೆ ಅನ್ನುವುದನ್ನೂ ಆಗಲೇ ಕೇಳಿಬಿಡಿ.

ಮೂರನೆಯದು, ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಎಂಜಿನ್. ಅಗ್ಗ, ಆದರೆ ಜೂಜು. ಪರೀಕ್ಷೆ ಹೇಗೆ ಅಂತ ಮುಂದಿನ ಹಂತದಲ್ಲಿ ಇದೆ.

ನಾಲ್ಕನೆಯದು, ಬೇರೆ ಎಂಜಿನ್. 692 ತೆಗೆದು 697, ಇಲ್ಲವೇ 697 ತೆಗೆದು ಕಮಿನ್ಸ್. ಮೊದಲನೆಯದು ಒಂದೇ ವಂಶದೊಳಗಿನ ಬದಲಾವಣೆ, ಕೆಲಸ ಗೊತ್ತಿದ್ದವರು ಸಿಗುತ್ತಾರೆ. ಎರಡನೆಯದಕ್ಕೆ ಹೋಗುವುದಾದರೆ ಎಂಜಿನ್ ಒಂದನ್ನೇ ತರಬೇಡಿ. ಫ್ಲೈವೀಲ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಮೌಂಟಿಂಗ್, ರೇಡಿಯೇಟರ್, ಆಕ್ಸಿಲರೇಟರ್ ಲಿಂಕ್, ಎಲ್ಲಾ ಒಂದೇ ಗಾಡಿಯಿಂದ ಇಳಿಸಿದ ಸೆಟ್ ತನ್ನಿ. ಬಿಡಿಬಿಡಿಯಾಗಿ ಹುಡುಕಲು ಹೊರಟರೆ ಎಂಜಿನ್ ಬೆಲೆಗಿಂತ ಜಾಸ್ತಿ ಖರ್ಚು ಅದರಲ್ಲೇ ಆಗುತ್ತದೆ.

ಎರಡು ಆಸೆ ಬಿಟ್ಟುಬಿಡಿ. ಒಂದು, ಟರ್ಬೊ ಇಲ್ಲದ ಎಂಜಿನ್‌ಗೆ ಹೊರಗಿನಿಂದ ಟರ್ಬೊ ಕೂರಿಸುವುದು. ಟರ್ಬೊ ಎಂಜಿನ್‌ನ ಪಿಸ್ಟನ್, ಆಯಿಲ್ ಸರಬರಾಜು, ಪಂಪಿನ ಸೆಟ್ಟಿಂಗ್ ಆ ಬಿಸಿಗೆ ತಕ್ಕ ಹಾಗೆ ಮಾಡಿರುತ್ತಾರೆ. ನಿಮ್ಮ ಹಳೆಯದರಲ್ಲಿ ಅದಿಲ್ಲ. ಇನ್ನೊಂದು, ಹೊಸ ಹೊಗೆ ನಿಯಮಗಳ ಬಿಎಸ್-4 ಅಥವಾ ಬಿಎಸ್-6 ಕಾಮನ್ ರೈಲ್ ಎಂಜಿನ್. ಕಾಮನ್ ರೈಲ್ ಅಂದರೆ ಕಂಪ್ಯೂಟರ್ ಹೇಳಿದ ಕ್ಷಣಕ್ಕೆ, ಹೇಳಿದಷ್ಟೇ ಡೀಸೆಲ್ ಬಿಡುವ ವ್ಯವಸ್ಥೆ. ಸೆನ್ಸರ್, ವೈರಿಂಗ್, ಇಸಿಯು ಅನ್ನುವ ಆ ಕಂಪ್ಯೂಟರ್ ಪೂರ್ತಿ ಇಲ್ಲದಿದ್ದರೆ ಅದು ಸ್ಟಾರ್ಟೇ ಆಗುವುದಿಲ್ಲ. ರಾತ್ರಿ ಹೊತ್ತು ಘಾಟಿಯಲ್ಲಿ ನಿಂತರೆ ಸ್ಪ್ಯಾನರ್ ಹಿಡಿದು ಸರಿ ಮಾಡುವ ಮಾತೂ ಇಲ್ಲ. ಬೇರೆಯವರನ್ನು ಎಳೆಯಲು ಹೋದ ಗಾಡಿ ದಾರಿಯಲ್ಲಿ ನಿಲ್ಲಬಾರದು ಅಲ್ವಾ? ಮೆಕ್ಯಾನಿಕಲ್ ಪಂಪ್ ಇರುವ ಎಂಜಿನ್ನೇ ಇರಲಿ.

5. ಸೆಕೆಂಡ್ ಹ್ಯಾಂಡ್ ಎಂಜಿನ್ ಆದರೆ ಹೀಗೆ ಪರೀಕ್ಷೆ ಮಾಡಿ

ಮೊದಲು ನಂಬರ್, ಆಮೇಲೆ ಸದ್ದು. ಬ್ಲಾಕ್ ಮೇಲೆ ಕೊರೆದ ನಂಬರ್ ಓದಿ. ಆ ಜಾಗ ಉಜ್ಜಿದ ಹಾಗಿದ್ದರೆ, ಅಕ್ಷರಗಳು ಒಂದಕ್ಕೊಂದು ಸಾಲು ತಪ್ಪಿದ್ದರೆ, ಸುತ್ತ ಇರುವ ಬಣ್ಣಕ್ಕಿಂತ ಅಲ್ಲಿ ಮಾತ್ರ ಹೊಸ ಬಣ್ಣ ಇದ್ದರೆ, ಬೆಲೆ ಎಷ್ಟೇ ಕಡಿಮೆ ಇದ್ದರೂ ಬಿಟ್ಟು ಬನ್ನಿ. ಯಾವ ಗಾಡಿಯಿಂದ ಇಳಿಸಿದ್ದು, ಆ ಗಾಡಿಯ ಆರ್‌ಸಿ ರದ್ದಾಗಿದೆಯಾ ಕೇಳಿ, ಕಾಗದದ ನಕಲು ತಗೊಳ್ಳಿ. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ) ವಾಹನ ಸಮನ್ವಯ ಅನ್ನುವ ಸೇವೆಯಲ್ಲಿ ಎಂಜಿನ್ ನಂಬರ್ ಹಾಕಿ ಕಳವಿನ ದಾಖಲೆ ಇದೆಯಾ ನೋಡಬಹುದು. ಬಿಲ್‌ನಲ್ಲಿ ಎಂಜಿನ್ ನಂಬರ್ ಬರೆಸಿಕೊಳ್ಳದೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರದಿಂದ ಸಿಕ್ಕರೆ ಇನ್ನೂ ಒಳ್ಳೆಯದು.

ಆಮೇಲೆ ಓಡಿಸಿ ತೋರಿಸಲು ಹೇಳಿ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಹೊತ್ತಿಗೆ ಎಂಜಿನ್ ಬಿಸಿ ಇದ್ದರೆ "ಆರಲಿ, ಸಂಜೆ ಬರ್ತೀನಿ" ಅನ್ನಿ. ತಣ್ಣಗಿದ್ದಾಗ ಸ್ಟಾರ್ಟ್ ಆಗದ ತೊಂದರೆಯನ್ನು ಮುಚ್ಚಿಡಲು ಮೊದಲೇ ಓಡಿಸಿ ಇಟ್ಟಿರುತ್ತಾರೆ. ಕಂಪ್ರೆಶನ್ ಗೇಜ್ ಹಾಕಿಸಿ. ಆರು ಸಿಲಿಂಡರಿನ ಅಂಕಿ ಒಂದಕ್ಕೊಂದು ಹತ್ತಿರ ಇರಬೇಕು. ಒಂದರಲ್ಲಿ ಮಾತ್ರ ಶೇ. 10ಕ್ಕಿಂತ ಜಾಸ್ತಿ ಕಡಿಮೆ ಬಂದರೆ ಅಲ್ಲಿ ವಾಲ್ವ್ ಅಥವಾ ರಿಂಗ್ ಹೋಗಿದೆ.

ಚೇಂಬರ್, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಬಿಚ್ಚಿಸಲು ಒಪ್ಪಿದರೆ ಕ್ರಾಂಕ್‌ಗೆ ಪಿಸ್ಟನ್ ರಾಡ್ ಕೂರುವ ಜಾಗದ ಒಂದು ಬಿಗ್ ಎಂಡ್ ಬೇರಿಂಗ್ ತೆಗೆಸಿ ಅದರ ಬೆನ್ನ ಮೇಲೆ ಏನು ಬರೆದಿದೆ ನೋಡಿ. ಕ್ರಾಂಕನ್ನು ಸವೆದಾಗಲೆಲ್ಲ ಉಜ್ಜಿ ಸಣ್ಣ ಮಾಡುತ್ತಾರೆ, ಅದಕ್ಕೆ ತಕ್ಕ ದಪ್ಪದ ಬೇರಿಂಗ್ ಹಾಕುತ್ತಾರೆ. ಮೆಕ್ಯಾನಿಕ್‌ಗಳು ಸ್ಟ್ಯಾಂಡರ್ಡ್, ಟೆನ್, ಟ್ವೆಂಟಿ, ಥರ್ಟಿ, ಫಾರ್ಟಿ ಅನ್ನುತ್ತಾರೆ. ಒಂದೊಂದು ಮೆಟ್ಟಿಲು ಕಾಲು ಮಿಲಿಮೀಟರ್. ಸ್ಟ್ಯಾಂಡರ್ಡ್ ಅಥವಾ ಟೆನ್ ಇದ್ದರೆ ಆ ಎಂಜಿನ್‌ಗೆ ಇನ್ನೂ ಆಯುಸ್ಸಿದೆ. ಫಾರ್ಟಿ ಇದ್ದರೆ ಕ್ರಾಂಕ್ ಕೊನೆಯ ಅಳತೆಗೆ ಬಂದಿದೆ, ಮುಂದಿನ ಸಲ ಕ್ರಾಂಕೇ ಬದಲಿಸಬೇಕು. ಮಾರುವವರ ಮಾತಿಗಿಂತ ಈ ಒಂದು ಚೂರು ಲೋಹ ಜಾಸ್ತಿ ನಿಜ ಹೇಳುತ್ತದೆ.

ಕಿಲೋಮೀಟರ್ ಎಷ್ಟು ಓಡಿದೆ ಅಂತ ಕೇಳುವುದರಿಂದ ಪ್ರಯೋಜನ ಕಡಿಮೆ. ಇನ್ನೊಂದು ಕ್ರೇನ್ ಲಾರಿಯಿಂದ ಇಳಿಸಿದ ಎಂಜಿನ್ ಆದರಂತೂ ಅದು ನಿಂತಲ್ಲೇ ಗಂಟೆಗಟ್ಟಲೆ ಓಡಿರುತ್ತದೆ. ಮೀಟರ್‌ನಲ್ಲಿ ಅದು ಕಾಣುವುದಿಲ್ಲ.

6. ಎಂಜಿನ್ ಸುತ್ತ ಇರುವುದನ್ನು ಮರೆಯಬೇಡಿ

ಸಾಮಾನ್ಯ ಲಾರಿಗೂ ಟೋಯಿಂಗ್ ಲಾರಿಗೂ ವ್ಯತ್ಯಾಸ ಇರುವುದು ಇಲ್ಲಿ.

ರೇಡಿಯೇಟರ್: ಗಂಟೆಗೆ 10 ಕಿ.ಮೀ.ಯಲ್ಲಿ ಏರು ಹತ್ತುವಾಗ ಮುಂದಿನಿಂದ ಗಾಳಿ ಬೀಸುವುದಿಲ್ಲ. ಎಂಜಿನ್ ತಂಪಾಗುವುದು ಫ್ಯಾನ್ ಒಂದರಿಂದಲೇ. ರೇಡಿಯೇಟರ್ ಬಿಚ್ಚಿಸಿ ರಾಡ್ ಹೊಡೆಸಿ ಶುಚಿ ಮಾಡಿಸಿ. ಫ್ಯಾನ್ ಸುತ್ತ ಇರುವ ತಗಡಿನ ಕವಚ ಎಷ್ಟೋ ಹಳೆ ಗಾಡಿಗಳಲ್ಲಿ ಇರುವುದೇ ಇಲ್ಲ, ಅದನ್ನು ಹಾಕಿಸಿ. ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ಬೇಡ.

ಪಿಟಿಒ: ಗೇರ್‌ಬಾಕ್ಸ್‌ನಿಂದ ವಿಂಚ್‌ಗೆ, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರಕ್ಕೆ, ಶಕ್ತಿ ಕೊಡುವ ಭಾಗ. ಗೇರ್‌ಬಾಕ್ಸ್ ಬದಲಾದರೆ ನಿಮ್ಮ ಪಿಟಿಒ ಹೊಸ ಬಾಕ್ಸ್‌ಗೆ ಕೂರದೆ ಇರಬಹುದು. ಬಾಕ್ಸ್ ಪಕ್ಕದ ಕಿಂಡಿಯ ಅಳತೆ, ಒಳಗಿನ ಗೇರಿನ ಹಲ್ಲು, ತಿರುಗುವ ದಿಕ್ಕು, ಮೂರನ್ನೂ ಕೊಳ್ಳುವ ಮುಂಚೆ ಹೋಲಿಸಿ. ದಿಕ್ಕು ತಿರುಗುಮುರುಗಾದರೆ ವಿಂಚ್ ಲಿವರ್ ಉಲ್ಟಾ ಕೆಲಸ ಮಾಡುತ್ತದೆ. ತೂಗಾಡುವ ಲಾರಿಯ ಕೆಳಗೆ ಮನುಷ್ಯರು ನಿಂತಿರುತ್ತಾರೆ, ಇದನ್ನು ಹಗುರವಾಗಿ ತಗೊಳ್ಳಬೇಡಿ.

ಪಂಪಿನ ಗವರ್ನರ್: ನಮ್ಮವರು ಮೈಕೋ ಪಂಪ್ ಅನ್ನುವುದು ಬೆಂಗಳೂರಿನ ಆಡುಗೋಡಿಯ ಕಂಪನಿಯದ್ದು. 2008ರಿಂದ ಅದರ ಹೆಸರು ಬಾಷ್. ಅದರ ಹಿಂಭಾಗದಲ್ಲಿರುವ ಗವರ್ನರ್ ಎಂಜಿನ್ ವೇಗವನ್ನು ಹಿಡಿತದಲ್ಲಿ ಇಡುತ್ತದೆ. ತಗಡಿನ ಮೇಲೆ ಆರ್‌ಕ್ಯೂ ಅಂತ ಇದ್ದರೆ ಅದು ಐಡಲ್ ಮತ್ತು ಗರಿಷ್ಠ ವೇಗ ಎರಡನ್ನೇ ನೋಡಿಕೊಳ್ಳುತ್ತದೆ. ಆರ್‌ಎಸ್‌ವಿ ಅಥವಾ ಆರ್‌ಕ್ಯೂವಿ ಅಂತ ಇದ್ದರೆ ನಡುವಿನ ಯಾವ ವೇಗದಲ್ಲಿ ಇಟ್ಟರೂ ಅದನ್ನೇ ಹಿಡಿದಿಡುತ್ತದೆ. ವಿಂಚ್ ಕೆಲಸಕ್ಕೆ ಈ ಎರಡನೇ ಬಗೆ ಬೇಕು. ಲೋಡ್ ಬಿದ್ದಾಗ ಎಂಜಿನ್ ಕುಸಿಯುವುದಿಲ್ಲ, ಲೋಡ್ ಬಿಟ್ಟಾಗ ಏಕಾಏಕಿ ಚೀರುವುದೂ ಇಲ್ಲ. ಯಾವ ಎಂಜಿನ್ ಕೂರಿಸಿದರೂ ಪಂಪನ್ನು ಟೆಸ್ಟ್ ಬೆಂಚ್ ಇರುವ ಅಂಗಡಿಯಲ್ಲಿ ಕ್ಯಾಲಿಬ್ರೇಶನ್ ಮಾಡಿಸಿ. "ಸ್ವಲ್ಪ ಡೀಸೆಲ್ ಜಾಸ್ತಿ ಬಿಡಿ, ಎಳೆತ ಬರಲಿ" ಅಂತ ಸ್ಕ್ರೂ ತಿರುಗಿಸಿಕೊಂಡರೆ ಪಿಸ್ಟನ್ ತಲೆ ಸುಡುತ್ತದೆ.

ಏರ್ ಕಂಪ್ರೆಸರ್: ಕೆಟ್ಟ ಲಾರಿಯಲ್ಲಿ ಗಾಳಿ ಇಳಿದಿದ್ದರೆ ಹೊಸ ಗಾಡಿಗಳ ಸ್ಪ್ರಿಂಗ್ ಬ್ರೇಕ್ ಲಾಕ್ ಆಗಿರುತ್ತದೆ. ಅದನ್ನು ಬಿಡಿಸಲು ನಿಮ್ಮ ಗಾಡಿಯಿಂದಲೇ ಗಾಳಿ ಕೊಡಬೇಕು. ಕಂಪ್ರೆಸರ್ ಎಂಜಿನ್ ಜೊತೆಯೇ ಬರುತ್ತದೆ, ಹಾಗಾಗಿ ಅದೂ ಚೆನ್ನಾಗಿದೆಯಾ ನೋಡಿ. ಟ್ಯಾಂಕಿಗೆ ಆಯಿಲ್ ತಳ್ಳುತ್ತಿದ್ದರೆ ಬದಲಿಸಿ.

ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸದು ಹಾಕಿಸಿ. ಇದಕ್ಕೆ ಚರ್ಚೆಯೇ ಬೇಡ.

7. ಆರ್‌ಟಿಒ ಕೆಲಸ ಮುಂಚೆಯೇ ಶುರು ಮಾಡಿ

ಇರುವ ಎಂಜಿನನ್ನೇ ಕಟ್ಟಿಸಿದರೆ ಈ ಹಂತ ನಿಮಗಿಲ್ಲ. ಬ್ಲಾಕ್ ಬದಲಾದರೆ ನಂಬರ್ ಬದಲಾಯಿತು, ಕಾಗದ ಬದಲಾಗಲೇಬೇಕು.

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಇದರ ಬಗ್ಗೆಯೇ ಇದೆ. ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಮೊದಲು ಕೊಟ್ಟ ವಿವರಕ್ಕೂ ತಾಳೆ ತಪ್ಪುವ ಹಾಗೆ ಗಾಡಿ ಬದಲಿಸುವಂತಿಲ್ಲ. ಬದಲಾವಣೆ ಆದ ಮೇಲೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಅನುಮತಿ ಇಲ್ಲದ ಬದಲಾವಣೆಗೆ 182ಎ ಸೆಕ್ಷನ್ ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಅದೇ ಕಂಪನಿಯ ಅದೇ ಮಾದರಿ ಎಂಜಿನ್ ಆದರೆ ಕೆಲಸ ಸುಲಭ. 692 ಜಾಗಕ್ಕೆ 697, ಅಥವಾ ಕಮಿನ್ಸ್ ಅಂದರೆ ಸಿಸಿ, ಹಾರ್ಸ್‌ಪವರ್ ಎಲ್ಲಾ ಬದಲಾಗುತ್ತದೆ. ಆಗ ದುಡ್ಡು ಕೊಡುವ ಮುಂಚೆಯೇ ಆರ್‌ಟಿಒ ಕಚೇರಿಗೆ ಹೋಗಿ ಬ್ರೇಕ್ ಇನ್ಸ್‌ಪೆಕ್ಟರ್ ಹತ್ತಿರ, ಅಂದರೆ ಮೋಟಾರು ವಾಹನ ನಿರೀಕ್ಷಕರ ಹತ್ತಿರ, ಇದಕ್ಕೆ ಅನುಮತಿ ಸಿಗುತ್ತದಾ ಕೇಳಿ. ಸಿಗುವುದಿಲ್ಲ ಅಂದರೆ ಅಲ್ಲಿಗೇ ಬಿಡಿ. ಅರ್ಜಿ ಪರಿವಾಹನ್ ಪೋರ್ಟಲ್‌ನಲ್ಲಿ ವಾಹನ ಮಾರ್ಪಾಡು ಸೇವೆಯಡಿ ಹಾಕಬಹುದು. ಹೈಪೊಥಿಕೇಶನ್ (ಆರ್‌ಸಿಯಲ್ಲಿ ಸಾಲದ ನಮೂದು) ಇದ್ದರೆ ಫೈನಾನ್ಸ್‌ನವರ ಲಿಖಿತ ಒಪ್ಪಿಗೆ ತಗೊಳ್ಳಿ. ಇನ್ಶೂರೆನ್ಸ್ ಕಂಪನಿಗೂ ಹೊಸ ನಂಬರ್ ಬರೆದು ಕಳಿಸಿ, ಪಾಲಿಸಿಯಲ್ಲಿ ತಿದ್ದುಪಡಿ ಮಾಡಿಸಿ. ಅಪಘಾತ ಆದ ದಿನ ಸರ್ವೇಯರ್ ಮೊದಲು ಓದುವುದು ಎಂಜಿನ್ ನಂಬರ್.

ಇನ್ನೊಂದು ಲೆಕ್ಕ. 8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ, 15 ವರ್ಷ ದಾಟಿದರೆ ಅದರ ಶುಲ್ಕವೂ ತುಂಬಾ ಜಾಸ್ತಿ. ಚಾಸಿ ತುಕ್ಕು ಹಿಡಿದಿದೆ, ಮುಂದಿನ ಎಫ್‌ಸಿ ಅನುಮಾನ ಅಂತಿದ್ದರೆ ಆ ಗಾಡಿಗೆ ಎಂಜಿನ್ ದುಡ್ಡು ಹಾಕಲೇಬೇಡಿ.

8. ಕೂರಿಸಿದ ಮೇಲೆ

ಹೊಸದಾಗಿ ಕಟ್ಟಿದ ಎಂಜಿನ್‌ಗೆ ಮೊದಲ ದಿನವೇ ಲೋಡ್ ಲಾರಿ ಕಟ್ಟಬೇಡಿ. ಹಾಗಂತ ಗಂಟೆಗಟ್ಟಲೆ ಐಡಲ್‌ನಲ್ಲಿ ಇಡುವುದೂ ತಪ್ಪು, ರಿಂಗ್ ಸರಿಯಾಗಿ ಕೂರುವುದಿಲ್ಲ. ಖಾಲಿ ಲಾರಿಯನ್ನು ರಸ್ತೆಯಲ್ಲಿ ಓಡಿಸಿ. ಆಮೇಲೆ ಹಗುರ ಗಾಡಿ ಎಳೆಯಿರಿ, ನಂತರ ಭಾರದ್ದು. ಮೊದಲ 500ರಿಂದ 1,000 ಕಿ.ಮೀ. ಒಳಗೆ ಆಯಿಲ್, ಫಿಲ್ಟರ್ ಬದಲಿಸಿ, ವಾಲ್ವ್ ಗ್ಯಾಪ್ ನೋಡಿಸಿ. ಹೆಡ್ ಬೋಲ್ಟ್ ಮತ್ತೆ ಬಿಗಿಸಬೇಕಾದ ಎಂಜಿನ್ ಆದರೆ ಆಗಲೇ ಮಾಡಿಸಿ. ವಿಂಚ್ ಕೆಲಸ ಜಾಸ್ತಿ ಇದ್ದರೆ ಕಿಲೋಮೀಟರ್ ನಂಬಬೇಡಿ. ಒಂದು ಅವರ್ ಮೀಟರ್ ಹಾಕಿಸಿ, ಗಂಟೆ ಲೆಕ್ಕದಲ್ಲಿ ಆಯಿಲ್ ಬದಲಿಸಿ. ಟರ್ಬೊ ಇದ್ದರೆ ಏರು ಹತ್ತಿ ನಿಂತ ಕೂಡಲೇ ಆಫ್ ಮಾಡದೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ.

ಇಳಿಸಿದ ಹಳೆ ಎಂಜಿನನ್ನು ಅವಸರದಲ್ಲಿ ಗುಜರಿಗೆ ಹಾಕಬೇಡಿ. ಆರ್‌ಸಿಯಲ್ಲಿ ಹೊಸ ನಂಬರ್ ಏರುವವರೆಗೆ ಶೆಡ್ಡಿನಲ್ಲೇ ಇರಲಿ, ಇನ್ಸ್‌ಪೆಕ್ಟರ್ ಕೇಳಿದರೆ ತೋರಿಸಬೇಕಾಗುತ್ತದೆ. ಕಂಪನಿಗೆ ಬದಲಿಗೆ ಕೊಟ್ಟಿದ್ದರೆ ಹಳೆ ನಂಬರ್ ಬರೆದ ರಸೀದಿ ಆರ್‌ಸಿ ಜೊತೆ ಇಟ್ಟುಕೊಳ್ಳಿ.